ಎರಡನೇ ಗೇಮಿನ ಕಣ್ಣೀರ ಲೆಕ್ಕ

ಕತೆಯೇ ಜೀವಾಳವಾದ ವಿಡಿಯೋ ಗೇಮ್‌ಗೆ ಎರಡನೇ ಭಾಗ ಬಂದರೆ ವಿಮರ್ಶೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಚೆನ್ನಾಗಿದೆ, ಆದರೆ ಮೊದಲನೇದರಷ್ಟು ಅಳಿಸಲಿಲ್ಲ. ಈ ಮಾತಿಗೆ ನನ್ನ ತಕರಾರಿದೆ. ಗೇಮ್‌ಗಳಿಗೆ ಕತೆ, ಸಂಭಾಷಣೆ ಬರೆಯುವುದು ನನ್ನ ಕೆಲಸ. ಕಲಬುರಗಿಯ ಮನೆಯಲ್ಲೇ ಕೂತು ಬರೆಯುತ್ತೇನೆ. ವಿಮರ್ಶೆ ಓದುವುದೂ ಆ ಕೆಲಸದಲ್ಲೇ ಸೇರಿದೆ. ಅಳುವನ್ನೇ ಅಳತೆಗೋಲು ಮಾಡಿಕೊಂಡರೆ, ಬರೆದವರು ಈ ಸಲ ಏನು ಮಾಡಲು ಹೊರಟಿದ್ದರು ಅನ್ನುವುದು ಕಣ್ಣಿಗೇ ಬೀಳುವುದಿಲ್ಲ.

'ಫೈಂಡಿಂಗ್ ಪ್ಯಾರಡೈಸ್' ಗೇಮನ್ನೇ ತಗೊಳ್ಳಿ. ಬಂದದ್ದು 2017ರ ಡಿಸೆಂಬರ್‌ನಲ್ಲಿ. ಅದರ ಹಿಂದಿನದು 2011ರ 'ಟು ದ ಮೂನ್'. ಎರಡನ್ನೂ ಮಾಡಿದ್ದು ಫ್ರೀಬರ್ಡ್ ಗೇಮ್ಸ್ ಅನ್ನುವ ಪುಟ್ಟ ತಂಡ. ಕತೆ ಕಾನ್ ಗಾವ್ ಅವರದು. ಮೊದಲನೆಯದನ್ನು ಕಟ್ಟಿದ್ದು ಆರ್‌ಪಿಜಿ ಮೇಕರ್ ಎಕ್ಸ್‌ಪಿ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಅದು ಹವ್ಯಾಸಿಗಳೂ ಕೊಂಡು ಬಳಸುವಂಥದ್ದು. ಹಳೇ ಕಾಲದ ಪಿಕ್ಸೆಲ್ ಗೊಂಬೆಗಳು, ಪಿಯಾನೋ ಸಂಗೀತ, ನಾಲ್ಕೈದು ಗಂಟೆಯ ಆಟ. ಅಷ್ಟಕ್ಕೇ ಗೇಮ್ ವಿಮರ್ಶೆಯ ಜಾಲತಾಣ ಗೇಮ್‌ಸ್ಪಾಟ್ ಆ ವರ್ಷದ ಅತ್ಯುತ್ತಮ ಕತೆಯ ಪ್ರಶಸ್ತಿ ಕೊಟ್ಟಿತು.

ಎರಡೂ ಗೇಮ್‌ಗಳಲ್ಲಿ ಇವಾ ರೊಸಲಿನ್, ನೀಲ್ ವಾಟ್ಸ್ ಅಂತ ಇಬ್ಬರು ಡಾಕ್ಟರ್‌ಗಳು. ಸಾವಿನ ಹಾಸಿಗೆಯಲ್ಲಿರುವವರ ನೆನಪಿನೊಳಗೆ ಇಳಿಯುತ್ತಾರೆ. ಅವರ ಕೊನೇ ಆಸೆ ಈಡೇರಿದ ಹಾಗೆ ಹೊಸ ನೆನಪು ಕಟ್ಟಿಕೊಡುತ್ತಾರೆ. ಮೊದಲ ಗೇಮಿನ ಮುದುಕ ಜಾನಿಗೆ ಚಂದ್ರನ ಮೇಲೆ ಹೋಗಬೇಕು. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಮನೆಯಲ್ಲಿ ರಾಶಿ ರಾಶಿ ಕಾಗದದ ಮೊಲಗಳು. ತೀರಿಹೋದ ಹೆಂಡತಿ ರಿವರ್ ಮಡಚಿಟ್ಟವು. ಅವುಗಳಲ್ಲಿ ನೀಲಿ, ಹಳದಿ ಎರಡೂ ಬಣ್ಣ ಇರುವ ಒಂದು ಮೊಲ ಬೇರೆಯೇ ಇದೆ. ಆಡುವವರು ಮುಪ್ಪಿನಿಂದ ಬಾಲ್ಯದ ಕಡೆ ಹಿಂದಕ್ಕೆ ಸಾಗುತ್ತಾರೆ. ಮೊಲ ಮೊದಲು ಕಾಣುತ್ತದೆ, ಅದರ ಕಾರಣ ಗಂಟೆಗಟ್ಟಲೆ ಆಡಿದ ಮೇಲೆ. ಆ ಗಂಟು ಬಿಚ್ಚಿದಾಗ ಅಳು ತಡೆಯುವುದು ಕಷ್ಟ. ಕತೆ ಹೇಳುವ ಕ್ರಮದಲ್ಲೇ ಕಣ್ಣೀರಿನ ಕೀಲಿ ಇದೆ.

ಎರಡನೆಯದರಲ್ಲಿ ಆ ಕೀಲಿಯನ್ನು ಅವರು ಬೇಕಂತಲೇ ಬಿಟ್ಟರು. ಈ ಸಲ ಸಾವಿನ ಹಾಸಿಗೆಯಲ್ಲಿರುವವನು ಕಾಲಿನ್, ವಿಮಾನದ ಪೈಲಟ್ ಆಗಿದ್ದವನು. ಹೆಂಡತಿ ಇದ್ದಾಳೆ, ಮಗ ಇದ್ದಾನೆ, ಬಾಳು ಚೆನ್ನಾಗಿಯೇ ಕಳೆದಿದೆ. ಆದರೂ ಏನೋ ಕೊರತೆ. ಅದನ್ನು ಸರಿಮಾಡಿ, ಆದರೆ ನನ್ನ ಬದುಕನ್ನು ಮಾತ್ರ ಬದಲಿಸಬೇಡಿ ಅನ್ನುತ್ತಾನೆ. ಇಲ್ಲಿ ನೆನಪುಗಳು ಹಿಂದಕ್ಕೆ ನೇರವಾಗಿ ಹೋಗುವುದಿಲ್ಲ. ಮುಪ್ಪಿನದೊಂದು, ಬಾಲ್ಯದ್ದೊಂದು, ಹೀಗೆ ಎರಡೂ ತುದಿಯಿಂದ ನಡುವಯಸ್ಸಿನ ಕಡೆ ಬರುತ್ತವೆ. ಮೊದಲ ಗೇಮ್ 'ಯಾಕೆ' ಅಂತ ಹುಡುಕಿಸುತ್ತದೆ. ಇದು 'ಮುಟ್ಟಬೇಕಾ, ಹಾಗೇ ಬಿಡಬೇಕಾ' ಅಂತ ಕೇಳುತ್ತದೆ. ಹೀಗಿರುವಾಗ ಎರಡಕ್ಕೂ ಒಂದೇ ಬಗೆಯ ಅಳು ಬರಬೇಕು ಅನ್ನುವುದು ಯಾವ ನ್ಯಾಯ? ನನ್ನ ಮಟ್ಟಿಗೆ ಎರಡನೆಯದರ ಬರವಣಿಗೆ ಹೆಚ್ಚು ಪಳಗಿದೆ. ಇರುವುದನ್ನು ಪ್ರೀತಿಸುತ್ತಲೇ ಇಲ್ಲದ್ದಕ್ಕೆ ಹಂಬಲಿಸುವ ಮನಸ್ಸನ್ನು ಬರೆಯುವುದು ಬಹಳ ಕಷ್ಟದ ಕೆಲಸ.

ವಿಮರ್ಶಕರು ಇದನ್ನು ತಿರಸ್ಕರಿಸಲಿಲ್ಲ. ಒಟ್ಟಾರೆ ಮೆಚ್ಚಿದರು. ಕತೆಗೆ, ಸಂಗೀತಕ್ಕೆ ಹೊಗಳಿಕೆ, ಆಡಲು ಹೆಚ್ಚೇನಿಲ್ಲ ಅನ್ನುವ ಗೊಣಗಾಟ. ಗೊಣಗಾಟದಲ್ಲಿ ಹುರುಳಿದೆ. ಮೊದಲನೆಯದರಲ್ಲಿ ಚೌಕಗಳನ್ನು ಮಗುಚುವ ಒಗಟು ಇತ್ತು, ಇದರಲ್ಲಿ ಹರಳುಗಳನ್ನು ಹೊಂದಿಸುವ ಒಗಟು. ಎರಡೂ ಕತೆಗೆ ಅಂಟಿಕೊಳ್ಳುವುದಿಲ್ಲ.

ಹಾಗಾದರೆ ಕಣ್ಣೀರಿನ ಮಾತೇ ಯಾಕೆ ಜಾಸ್ತಿ? ಕಾರಣ, ಕತೆಯ ಗುಟ್ಟು ಮೊದಲೇ ಹೇಳಬಾರದು ಅನ್ನುವ ಕಟ್ಟುಪಾಡು. ಇಂಥ ಗೇಮಿನಲ್ಲಿ ಇರುವುದೇ ಕತೆ. ಅದನ್ನು ಹೇಳುವಂತಿಲ್ಲ ಅಂದಮೇಲೆ ವಿಮರ್ಶಕರು ತಮ್ಮ ಬಗ್ಗೆ ಬರೆಯತೊಡಗುತ್ತಾರೆ: ಮನಸ್ಸು ಭಾರವಾಯಿತು, ಕಣ್ಣು ತುಂಬಿತು. ಇಲ್ಲಿನ ಇಂಜಿನಿಯರಿಂಗ್ ಹುಡುಗನೊಬ್ಬ ಕನ್ನಡದಲ್ಲಿ ಗೇಮ್ ವಿಮರ್ಶೆ ಬರೆದು ನನಗೆ ತೋರಿಸುತ್ತಾನೆ. ಈ ಗೇಮಿನ ಬಗ್ಗೆ ತಂದದ್ದರಲ್ಲಿ 'ಹೃದಯ ತಟ್ಟುತ್ತದೆ' ಬಿಟ್ಟರೆ ಗಟ್ಟಿಯಾದ ಸಾಲೇ ಇರಲಿಲ್ಲ. ಯಾಕಪ್ಪಾ ಅಂದರೆ, "ಕತಿ ಹೇಳಿಬಿಟ್ರ ಆಡೋರಿಗಿ ಮಜಾ ಉಳಿಯಂಗಿಲ್ರಿ ಸರ್" ಅಂದ. ನೆನಪುಗಳು ಯಾವ ಕ್ರಮದಲ್ಲಿ ಬಂದವು, ಅದರಿಂದ ನಿನಗೆ ಏನಾಯಿತು, ಅಷ್ಟನ್ನೇ ಬರಿ ಅಂದೆ. ಬರೆದು ತಂದ. ಶುರುವಿನಲ್ಲಿ ಮುದುಕನೂ ಹುಡುಗನೂ ಬೇರೆಬೇರೆ ಮನುಷ್ಯರು ಅನ್ನಿಸುತ್ತಾರೆ, ಅದಕ್ಕೇ ಮೊದಲ ಗಂಟೆ ಎಳೆದ ಹಾಗಿದೆ, ಹೋಗ್ತಾ ಹೋಗ್ತಾ ಇಬ್ಬರೂ ಒಬ್ಬನೇ ಆಗುತ್ತಾರೆ ಅಂತಿತ್ತು. ಕತೆಯ ಒಂದು ಗುಟ್ಟೂ ಹೊರಬಿದ್ದಿಲ್ಲ, ಆದರೆ ಗೇಮ್ ಎಂಥದ್ದು ಅಂತ ಪೂರ್ತಿ ತಿಳಿಯುತ್ತದೆ.

ಗುಟ್ಟು ಗೊತ್ತಾದರೆ ಅಳು ಬರುವುದಿಲ್ಲ ಅನ್ನುವುದನ್ನೂ ನಾನು ಅಷ್ಟಾಗಿ ಒಪ್ಪುವುದಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂತಂದರೆ ಕರ್ಬಲಾ ಯುದ್ಧದ ಕತೆ ಹೇಳುವ ರಿವಾಯತ್ ಪದ ಹಾಡುತ್ತಾರೆ. ಹಿಂದೂಗಳು, ಮುಸ್ಲಿಮರು ಇಬ್ಬರೂ ಹಾಡುತ್ತಾರೆ. ಕರ್ಬಲಾದಲ್ಲಿ ಏನಾಯಿತು ಅಂತ ಕೇಳುವವರಿಗೆಲ್ಲ ಮೊದಲೇ ಗೊತ್ತು. ಆದರೂ ನೀರಿಲ್ಲದೆ ಬಳಲಿದ ಮಕ್ಕಳ ಮಾತು ಬಂದಾಗ ಪ್ರತಿ ವರ್ಷವೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಚ್ಚರಿ ಒಂದೇ ಸಲ ಕೆಲಸ ಮಾಡುತ್ತದೆ. ಹೇಳುವ ರೀತಿ ಗಟ್ಟಿಯಿದ್ದರೆ ಎಷ್ಟು ಸಲ ಬೇಕಾದರೂ ತಟ್ಟುತ್ತದೆ.

ಇನ್ನು ಅಂಕಗಳ ವಿಷಯ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಹೆಬ್ಬೆರಳು ಮೇಲೆ ಅಥವಾ ಕೆಳಗೆ, ಎರಡೇ ದಾರಿ. 'ಇಷ್ಟವಾಯಿತು, ಆದರೆ ಮೊದಲಿನಷ್ಟಲ್ಲ' ಅಂದವರದ್ದೂ ಪೂರ್ತಿ ಮೆಚ್ಚುಗೆ ಅಂತಲೇ ಲೆಕ್ಕಕ್ಕೆ ಸೇರುತ್ತದೆ. ಅದೂ ಅಲ್ಲದೆ ಎರಡನೇ ಭಾಗ ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲನೆಯದನ್ನು ಮೆಚ್ಚಿದವರೇ ಅಲ್ವಾ? ಹಾಗಾಗಿ ಮೆಚ್ಚಿದವರ ಶೇಕಡಾವಾರು ಮೇಲೇರುವುದು ಸಹಜ. ಮೆಟಾಕ್ರಿಟಿಕ್ ಅನ್ನುವ ಜಾಲತಾಣ ಪತ್ರಿಕೆಗಳ ಅಂಕಗಳಿಗೆ ತೂಕ ಹಾಕಿ ಸರಾಸರಿ ತೆಗೆಯುತ್ತದೆ. ಯಾರಿಗೆ ಎಷ್ಟು ತೂಕ ಅಂತ ಹೇಳುವುದಿಲ್ಲ.

ಇವೆರಡರ ನಡುವೆ 2014ರಲ್ಲಿ 'ಎ ಬರ್ಡ್ ಸ್ಟೋರಿ' ಬಂದಿತ್ತು. ಒಂದು ಹುಡುಗ, ಗಾಯಗೊಂಡ ಒಂದು ಹಕ್ಕಿ, ಮಾತೇ ಇಲ್ಲ, ಸುಮಾರು ಒಂದು ಗಂಟೆ. 'ಇಷ್ಟೇನಾ' ಅಂದವರು ಇದ್ದಾರೆ. ಆದರೆ ಆ ಹುಡುಗನೇ ಕಾಲಿನ್. ಅದನ್ನು ಆಡಿ ಬಂದವರಿಗೆ ಎರಡನೇ ಗೇಮಿನ ಬಾಲ್ಯದ ದೃಶ್ಯಗಳು ಬೇರೆಯೇ ಆಗಿ ಕಾಣುತ್ತವೆ. ವಿಮರ್ಶೆ ಬರೆದವರು ಅದನ್ನು ಆಡಿದ್ದರೋ ಇಲ್ಲವೋ ನೋಡಿಕೊಳ್ಳಿ.

2021ರಲ್ಲಿ 'ಇಂಪೋಸ್ಟರ್ ಫ್ಯಾಕ್ಟರಿ' ಬಂತು. ಅಲ್ಲಿ ಕತೆ ಶುರುವಾಗುವುದು ಡಾಕ್ಟರ್‌ಗಳಿಂದ ಅಲ್ಲ. ಕ್ವಿನ್ಸಿ ಅನ್ನುವವನು ದೊಡ್ಡ ಬಂಗಲೆಯೊಂದರ ಪಾರ್ಟಿಗೆ ಬರುತ್ತಾನೆ, ಅಲ್ಲಿ ಕೊಲೆಯಾಗುತ್ತದೆ. ತಂಡ ಮತ್ತೊಮ್ಮೆ ದಾರಿ ಬದಲಿಸಿತ್ತು. ಆ ಇಂಜಿನಿಯರಿಂಗ್ ಹುಡುಗ ಈಗ ಅದರ ವಿಮರ್ಶೆ ಬರೆಯುತ್ತಿದ್ದಾನೆ. ಹಿಂದಿನ ಎರಡರ ಹೆಸರು ಕೊನೆಯ ಪ್ಯಾರಾದಲ್ಲಷ್ಟೇ ಬರಲಿ ಅಂತ ಹೇಳಿದ್ದೇನೆ.