ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂದಿದೆ; ನನ್ನ ಸೊಂಟನೋವಿಗೆ ಅದೇ ಕಾರಣವೇ?

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳಿಂದ ಸೊಂಟನೋವು. ಎಂಆರ್‌ಐ ಮಾಡಿಸಿದಾಗ ಎಲ್4–ಎಲ್5 ಮತ್ತು ಎಲ್5–ಎಸ್1 ಮಟ್ಟದಲ್ಲಿ ಡಿಸ್ಕ್ ಬಲ್ಜ್ ಇದೆ, ಥೀಕಲ್ ಸ್ಯಾಕ್‌ಗೆ ಒತ್ತುತ್ತಿದೆ ಎಂದು ವರದಿ ಬಂತು. ಡಿಸ್ಕ್ ಜಾರಿದೆ, ಇನ್ನು ಬಗ್ಗಬಾರದು, ಬಿಂದಿಗೆ ಎತ್ತಬಾರದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಆಪರೇಷನ್ ಆಗಲೇಬೇಕೆ?

ಉತ್ತರ: ಈ ಪ್ರಶ್ನೆಗೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಕೇಳುವವರ ವಯಸ್ಸು ಬದಲಾಗುತ್ತದೆ, ಊರು ಬದಲಾಗುತ್ತದೆ. ಎಲ್4–ಎಲ್5 (ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನುಮೂಳೆಗಳ ನಡುವಿನ ಜಾಗ; ಎಸ್1 ಎಂದರೆ ಅವುಗಳ ಕೆಳಗಿನ ತ್ರಿಕಾಸ್ಥಿಯ ಮೊದಲ ಭಾಗ) ಬದಲಾಗುವುದಿಲ್ಲ, ಅದರ ಜೊತೆಗಿರುವ ಭಯವೂ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಚಿಕ್ಕ ಉತ್ತರ ಸಾಕು ಎನ್ನುವವರಿಗೆ: ವರದಿಯಲ್ಲಿ ಬಲ್ಜ್ ಎಂದಿರುವ ಒಂದೇ ಕಾರಣಕ್ಕೆ ಯಾರಿಗೂ ಆಪರೇಷನ್ ಬೇಕಾಗುವುದಿಲ್ಲ. ನಿಮ್ಮ ನೋವು ಆ ಬಲ್ಜ್‌ನಿಂದಲೇ ಬರುತ್ತಿದೆ ಎಂದು ಹೇಳುವ ಶಕ್ತಿ ಸ್ಕ್ಯಾನ್ ಒಂದಕ್ಕೇ ಇಲ್ಲ.

ಮೊದಲು ಯಂತ್ರ ಏನನ್ನು ನೋಡುತ್ತದೆ ಎಂಬುದು ತಿಳಿದಿರಲಿ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿ, ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಪರಮಾಣುಗಳು ಕೊಡುವ ಸಂಕೇತವನ್ನು ಎಂಆರ್‌ಐ ಚಿತ್ರವಾಗಿಸುತ್ತದೆ. ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ನ ತಿರುಳಿನಲ್ಲಿ ಎಳೆಯ ವಯಸ್ಸಿನಲ್ಲಿ ನೀರು ಹೇರಳವಾಗಿರುವುದರಿಂದ ಅದು ಹೊಳೆಯುತ್ತದೆ. ವರ್ಷ ಕಳೆದಂತೆ ನೀರಿನಂಶ ಇಳಿದು ಡಿಸ್ಕ್ ಕಪ್ಪಾಗುತ್ತದೆ, ಅದರ ಎತ್ತರ ತುಸು ತಗ್ಗುತ್ತದೆ, ಅಂಚು ಸುತ್ತಲೂ ಸ್ವಲ್ಪ ಹೊರಚಾಚುತ್ತದೆ. ಕಪ್ಪಾದದ್ದನ್ನು ನಾವು ರೇಡಿಯಾಲಜಿಸ್ಟ್‌ಗಳು, ಅಂದರೆ ಸ್ಕ್ಯಾನ್ ಓದಿ ವರದಿ ಬರೆಯುವ ವೈದ್ಯರು, ಡೆಸಿಕೇಷನ್ ಎಂದೂ, ಚಾಚಿದ್ದನ್ನು ಡಿಫ್ಯೂಸ್ ಬಲ್ಜ್ ಎಂದೂ ಬರೆಯುತ್ತೇವೆ. ಥೀಕಲ್ ಸ್ಯಾಕ್ ಎಂದರೆ ನರಗಳನ್ನು ಒಳಗಿಟ್ಟುಕೊಂಡಿರುವ, ದ್ರವ ತುಂಬಿದ ಚೀಲ. ಚಾಚಿದ ಡಿಸ್ಕ್ ಅದರ ಮುಂಬದಿಗೆ ತಾಗಿದ್ದರೂ ಸಾಕು, ವರದಿಯಲ್ಲಿ ಆ ಸಾಲು ಸೇರುತ್ತದೆ. ಚೀಲದೊಳಗೆ ನರಗಳಿಗೆ ಸರಿದುಕೊಳ್ಳಲು ಸಾಮಾನ್ಯವಾಗಿ ಜಾಗವಿರುತ್ತದೆ. ಚೀಲಕ್ಕೆ ತಾಗುವುದು ಬೇರೆ, ನರವನ್ನು ಹಿಸುಕುವುದು ಬೇರೆ. ಇನ್ನು ಡಿಸ್ಕ್ ಜಾರುವ ಮಾತು. ಡಿಸ್ಕ್ ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಬಿಂದಿಗೆ ಎತ್ತಿದ ಮಾತ್ರಕ್ಕೆ ಅದು ಇದ್ದ ಜಾಗ ಬಿಟ್ಟು ಹೋಗುವುದಿಲ್ಲ.

ಈಗ ಮುಖ್ಯ ವಿಷಯ. ‘ಸ್ಕ್ಯಾನ್‌ನಲ್ಲಿ ಕಂಡಿದೆ, ಆದ್ದರಿಂದ ನೋವು ಅದರದ್ದೇ’ ಎಂಬ ನಂಬಿಕೆಯಷ್ಟು ಗಟ್ಟಿಯಾಗಿ ಬೇರುಬಿಟ್ಟ ತಪ್ಪು ತಿಳಿವಳಿಕೆ ನಮ್ಮ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಅದನ್ನು ಅಲುಗಾಡಿಸುವ ಸಾಕ್ಷ್ಯ ಬಂದು ಮೂವತ್ತು ವರ್ಷ ಕಳೆದಿದೆ. 1994ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಲಾಯಿತು. ನೋವಿದ್ದವರ ಕೆಲವು ಚಿತ್ರಗಳನ್ನೂ ನಡುವೆ ಬೆರೆಸಿ, ಯಾವುದು ಯಾರದ್ದೆಂದು ತಿಳಿಸದೆ ಇಬ್ಬರು ರೇಡಿಯಾಲಜಿಸ್ಟ್‌ಗಳಿಂದ ಓದಿಸಲಾಯಿತು. ನೋವಿಲ್ಲದ ಆ ಜನರಲ್ಲಿ ಶೇ 52 ಮಂದಿಗೆ ಕನಿಷ್ಠ ಒಂದು ಕಡೆ ಬಲ್ಜ್ ಇತ್ತು; ಶೇ 27 ಮಂದಿಗೆ ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಪ್ರೊಟ್ರೂಷನ್ (ಡಿಸ್ಕ್ ಒಂದು ಕಡೆ ಮಾತ್ರ ಉಬ್ಬಿ ಚಾಚುವುದು) ಇತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿವೆ ಎನಿಸಿಕೊಂಡವರು ಶೇ 36 ಮಾತ್ರ. ಅಂದರೆ ಓಡಾಡಿಕೊಂಡು, ಯಾವ ದೂರೂ ಇಲ್ಲದೆ ಇದ್ದವರಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಡಿಸ್ಕ್ ಸರಿಯಿಲ್ಲ ಎಂಬ ವರದಿ ಸಿಗುತ್ತಿತ್ತು.

ಒಂದು ಅಧ್ಯಯನದಿಂದ ಏನಾಯಿತು ಎನ್ನಬಹುದು. 2015ರಲ್ಲಿ ಇಂಥ 33 ಅಧ್ಯಯನಗಳನ್ನು, ಒಟ್ಟು 3,110 ಮಂದಿ ನೋವಿಲ್ಲದವರ ಚಿತ್ರಗಳನ್ನು, ಒಟ್ಟುಗೂಡಿಸಿ ವಯಸ್ಸಿನ ಪ್ರಕಾರ ಲೆಕ್ಕ ಹಾಕಲಾಯಿತು. ಬಲ್ಜ್ ಇಪ್ಪತ್ತರ ವಯಸ್ಸಿನಲ್ಲೇ ಶೇ 30 ಮಂದಿಯಲ್ಲಿತ್ತು. ನಲವತ್ತಕ್ಕೆ ಶೇ 50, ಐವತ್ತಕ್ಕೆ ಶೇ 60, ಎಂಬತ್ತಕ್ಕೆ ಶೇ 84. ಡಿಸ್ಕ್ ಸವೆತದ ಲಕ್ಷಣಗಳು ಇಪ್ಪತ್ತಕ್ಕೆ ಶೇ 37 ಇದ್ದದ್ದು ಎಂಬತ್ತಕ್ಕೆ ಶೇ 96 ಮುಟ್ಟಿತು. ಮತ್ತೊಮ್ಮೆ ಹೇಳುತ್ತೇನೆ, ಇವರಾರಿಗೂ ಸೊಂಟನೋವು ಇರಲಿಲ್ಲ. ನಿಮ್ಮ ವಯಸ್ಸಿನಲ್ಲಿ ಬಲ್ಜ್ ಇರುವವರೇ ಹೆಚ್ಚು, ಇಲ್ಲದವರು ಕಡಿಮೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ಅದೇ ಸಂಶೋಧಕರ ತಂಡ ಅದೇ ವರ್ಷ, ಐವತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ನೋವಿರುವವರನ್ನೂ ಇಲ್ಲದವರನ್ನೂ ಹೋಲಿಸಿ, ಬಲ್ಜ್ ಮತ್ತು ಸವೆತ ನೋವಿರುವವರಲ್ಲಿ ಹೆಚ್ಚಾಗಿ ಕಾಣುತ್ತವೆ ಎಂದು ತೋರಿಸಿತು. ಹಾಗಾಗಿ ಡಿಸ್ಕ್‌ಗೂ ನೋವಿಗೂ ಸಂಬಂಧವೇ ಇಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಆದರೆ ಗುಂಪಿನ ಲೆಕ್ಕದಲ್ಲಿ ಕಾಣುವ ಸಂಬಂಧ ಒಬ್ಬ ವ್ಯಕ್ತಿಯ ನೋವಿನ ಮೂಲವನ್ನು ಬೆರಳಿಟ್ಟು ತೋರಿಸುವುದಿಲ್ಲ. ಕಳ್ಳತನವಾದ ರಾತ್ರಿ ಬೀದಿಯ ತಿರುವಿನಲ್ಲಿ ನಿಂತಿದ್ದವನನ್ನು ಹಿಡಿದು ತಂದರೆ, ಅವನು ಪ್ರತಿ ರಾತ್ರಿಯೂ ಅಲ್ಲೇ ನಿಲ್ಲುವವನೇ ಎಂದು ಮೊದಲು ಕೇಳಬೇಕಲ್ಲವೇ? ಬೆನ್ನಿನ ಎಂಆರ್‌ಐನಲ್ಲಿ ಆ ಪ್ರಶ್ನೆಯನ್ನು ಕೇಳಲು ಸಾಧ್ಯವೇ ಆಗುವುದಿಲ್ಲ, ಏಕೆಂದರೆ ನೋವು ಬರುವ ಮೊದಲು ತೆಗೆದ ಚಿತ್ರ ಬಹುತೇಕ ಯಾರ ಬಳಿಯೂ ಇರುವುದಿಲ್ಲ.

ವರದಿ ಬರೆಯುವ ನಮ್ಮ ಕಡೆಯ ವಿಷಯವನ್ನೂ ಹೇಳಬೇಕು. ನಮ್ಮ ಮೇಜಿಗೆ ಬರುವ ಚೀಟಿಯಲ್ಲಿ ಅನೇಕ ಬಾರಿ ‘ಎಲ್‌ಬಿಎ’ ಎಂಬ ಮೂರಕ್ಷರ ಬಿಟ್ಟರೆ ಬೇರೇನೂ ಇರುವುದಿಲ್ಲ. ಸೊಂಟನೋವು ಎಂದಷ್ಟೇ ಅದರ ಅರ್ಥ. ಯಾವ ಕಾಲು, ಯಾವ ಬೆರಳು, ಎಷ್ಟು ದಿನದಿಂದ ಎಂಬುದು ತಿಳಿಯದಿದ್ದಾಗ ಕಂಡದ್ದನ್ನೆಲ್ಲ ಬರೆದಿಡುವುದೇ ದಾರಿಯಾಗುತ್ತದೆ. ಯಾವುದು ಬರೆಯಬೇಕಾದದ್ದು ಎಂಬುದರಲ್ಲಿಯೂ ನಮ್ಮೊಳಗೆ ಒಮ್ಮತವಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 63 ವರ್ಷದ ಒಬ್ಬರೇ ಮಹಿಳೆಯನ್ನು ಮೂರು ವಾರಗಳೊಳಗೆ ಹತ್ತು ಬೇರೆ ಬೇರೆ ಸ್ಕ್ಯಾನಿಂಗ್ ಕೇಂದ್ರಗಳಿಗೆ ಕಳುಹಿಸಿದರು. ಹತ್ತು ವರದಿಗಳಲ್ಲಿ ಒಟ್ಟು 49 ಬಗೆಯ ದೋಷಗಳು ದಾಖಲಾದವು. ಹತ್ತರಲ್ಲಿಯೂ ಕಾಣಿಸಿಕೊಂಡದ್ದು ಒಂದೂ ಇಲ್ಲ. ಬೆನ್ನು ಒಂದೇ, ಓದು ಹತ್ತು. ಈ ಫಲಿತಾಂಶ ನಮ್ಮ ವೃತ್ತಿಗೆ ಹೆಮ್ಮೆಯದ್ದಲ್ಲ, ಆದರೆ ವರದಿಯ ಒಂದೊಂದು ಪದವನ್ನೂ ಅಂತಿಮ ತೀರ್ಪೆಂದು ಹಿಡಿದು ಕೂರುವವರು ಅದನ್ನು ತಿಳಿದಿರಬೇಕು.

ಪದಗಳಿಂದ ಆಗುವ ಹಾನಿಯೂ ಕಲ್ಪನೆಯಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಬೆನ್ನುಮೂಳೆ ತಜ್ಞರು 2021ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಅಲ್ಲಿ ಭಾಗವಹಿಸಿದವರು ನಮ್ಮಂಥ ಮನೆಗಳಿಂದಲೇ ಬಂದವರು. ಬಹುಕಾಲದ ಸೊಂಟನೋವಿದ್ದ 44 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಆರ್‌ಐ ವರದಿಯಲ್ಲಿದ್ದದ್ದನ್ನೆಲ್ಲ ವಿವರಿಸಿದರು. ಇನ್ನೊಂದು ಗುಂಪಿಗೆ ಸ್ಕ್ಯಾನ್ ಸಹಜವಾಗಿದೆ, ಕಂಡಿರುವುದು ವಯಸ್ಸಿಗೆ ತಕ್ಕ ಬದಲಾವಣೆ ಎಂದು ಧೈರ್ಯ ಹೇಳಿದರು. ಆರು ವಾರದ ನಂತರ ಧೈರ್ಯ ಹೇಳಿಸಿಕೊಂಡವರ ನೋವು ಮತ್ತು ಚಟುವಟಿಕೆ ಎರಡೂ ಉತ್ತಮವಾಗಿದ್ದವು. ದೋಷಗಳ ಪಟ್ಟಿ ಕೇಳಿಸಿಕೊಂಡವರು ತಮ್ಮ ಬೆನ್ನಿನ ಬಗ್ಗೆ ಹೆಚ್ಚು ಅಂಜಿದ್ದರು. ಗುಂಪು ಚಿಕ್ಕದು ನಿಜ. ಆದರೂ ‘ಬಗ್ಗಬೇಡ, ಎತ್ತಬೇಡ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುವ ಮಾತು ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ. ವಾರಗಟ್ಟಲೆ ಮಲಗಿದರೆ ಬೆನ್ನಿನ ಸ್ನಾಯುಗಳು ಸೊರಗುತ್ತವೆ, ಸೊರಗಿದ ಬೆನ್ನು ಮತ್ತಷ್ಟು ನೋಯುತ್ತದೆ.

ಹಾಗಾದರೆ ವರದಿಯ ಕೆಳಗೇ ‘ಈ ವಯಸ್ಸಿನಲ್ಲಿ ನೋವಿಲ್ಲದವರಲ್ಲೂ ಇದು ಇಷ್ಟು ಜನರಿಗೆ ಇರುತ್ತದೆ’ ಎಂದು ಅಚ್ಚು ಹಾಕಿಬಿಟ್ಟರೆ ಆಗದೇ? ಅಮೆರಿಕದಲ್ಲಿ ಸುಮಾರು ಎರಡೂವರೆ ಲಕ್ಷ ರೋಗಿಗಳ ವರದಿಗಳ ಮೇಲೆ ಅದನ್ನೂ ಪರೀಕ್ಷಿಸಿದರು. ಫಲಿತಾಂಶ 2020ರಲ್ಲಿ ಬಂತು. ಅಫೀಮು ಮೂಲದ ನೋವುಮಾತ್ರೆಗಳ ಚೀಟಿ ಅತ್ಯಲ್ಪ ಪ್ರಮಾಣದಲ್ಲಿ ಇಳಿಯಿತೇ ಹೊರತು, ಮುಂದಿನ ಸ್ಕ್ಯಾನ್, ಚುಚ್ಚುಮದ್ದು, ಆಪರೇಷನ್ ಮುಂತಾದವುಗಳ ಒಟ್ಟು ಬಳಕೆ ಕಡಿಮೆಯಾಗಲಿಲ್ಲ. ಅಚ್ಚಾದ ಸಾಲು ಸಾಲದು, ಎದುರಿಗೆ ಕುಳಿತು ಬಿಡಿಸಿ ಹೇಳುವವರೊಬ್ಬರು ಬೇಕು ಎಂಬುದು ನನ್ನ ಅಭಿಪ್ರಾಯ. ಆ ಕಾರಣಕ್ಕೇ ಇದನ್ನು ಮತ್ತೆ ಮತ್ತೆ ಬರೆಯುತ್ತೇನೆ.

ಬಲ್ಜ್ ಅಥವಾ ಹರ್ನಿಯೇಷನ್‌ಗೆ (ಡಿಸ್ಕ್‌ನ ಭಾಗ ಒಂದೆಡೆ ತನ್ನ ಗಡಿ ದಾಟಿ ಹೊರಬರುವುದಕ್ಕೆ) ನಿಜವಾಗಿ ಬೆಲೆ ಬರುವುದು ಚಿತ್ರ ಮತ್ತು ಕಾಲು ಒಂದೇ ಮಾತನ್ನು ಹೇಳಿದಾಗ. ಎಲ್4–ಎಲ್5 ಡಿಸ್ಕ್ ಸಾಮಾನ್ಯವಾಗಿ ಎಲ್5 ನರವನ್ನು ಒತ್ತುತ್ತದೆ. ಆಗ ನೋವು ಸೊಂಟದಲ್ಲಿ ನಿಲ್ಲದೆ ತೊಡೆ, ಮೊಳಕಾಲಿನ ಕೆಳಗೆ ಹೊರಬದಿ, ಪಾದದ ಮೇಲ್ಭಾಗದ ತನಕ ಇಳಿಯುತ್ತದೆ, ಹೆಬ್ಬೆರಳನ್ನು ಮೇಲೆತ್ತುವ ಶಕ್ತಿ ಕುಂದಬಹುದು. ಎಸ್1 ನರವಾದರೆ ಮೀನಖಂಡ ಮತ್ತು ಪಾದದ ಹೊರ ಅಂಚಿನಲ್ಲಿ ಜೋಮು ಬರುತ್ತದೆ, ತುದಿಗಾಲಿನಲ್ಲಿ ನಿಲ್ಲುವುದು ಕಷ್ಟವಾಗುತ್ತದೆ. ವೈದ್ಯರು ನಿಮ್ಮನ್ನು ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡುವುದು, ಹೆಬ್ಬೆರಳನ್ನು ಒತ್ತಿ ಹಿಡಿದು ‘ಮೇಲೆತ್ತಿ’ ಎನ್ನುವುದು ಇದಕ್ಕಾಗಿಯೇ. ಬಲಗಾಲು ನೋಯುತ್ತಿದ್ದು ಡಿಸ್ಕ್ ಎಡಕ್ಕೆ ಚಾಚಿದ್ದರೆ ಆ ಚಿತ್ರ ನಿಮ್ಮ ನೋವನ್ನು ವಿವರಿಸುವುದಿಲ್ಲ. ನೀವು ಬರೆದಿರುವುದರಲ್ಲಿ ಕಾಲಿನ ಮಾತೇ ಇಲ್ಲ.

ತಡಮಾಡದೆ ಸ್ಕ್ಯಾನ್ ಬೇಕಾಗುವ ಸಂದರ್ಭಗಳನ್ನು ಮಾತ್ರ ಮರೆಯಬೇಡಿ. ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ಮಲ ಹೋದದ್ದು ತಿಳಿಯದಿರುವುದು, ಗುದ ಮತ್ತು ಜನನಾಂಗದ ಸುತ್ತ ಸ್ಪರ್ಶ ಕಳೆದುಕೊಳ್ಳುವುದು, ಪಾದ ಜೋತುಬೀಳುವುದು — ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ ಇದ್ದರೂ ಕಾಯಬಾರದು; ನಮ್ಮ ನಾಡಿನಲ್ಲಿ ಬೆನ್ನುಮೂಳೆಯ ಕ್ಷಯ ಇಂದಿಗೂ ಇದೆ, ಅದನ್ನು ಬೇಗ ಹಿಡಿಯುವುದರಲ್ಲಿ ಎಂಆರ್‌ಐನಷ್ಟು ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಇವಾವುವೂ ಇಲ್ಲದವರಿಗೆ ಮೊದಲೇ ಸ್ಕ್ಯಾನ್ ಮಾಡಿಸಿದರೆ ನೋವಾಗಲಿ ಓಡಾಟವಾಗಲಿ ಹೆಚ್ಚು ಸುಧಾರಿಸುವುದಿಲ್ಲ ಎಂಬುದನ್ನು 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆರು ಪ್ರಯೋಗಗಳ ಒಟ್ಟು ವಿಶ್ಲೇಷಣೆ ತೋರಿಸಿದೆ.

ನೀವು ಕೇಳದ ಇನ್ನೊಂದು ಪ್ರಶ್ನೆಗೂ ಈಗಲೇ ಉತ್ತರಿಸುತ್ತೇನೆ, ಏಕೆಂದರೆ ಆರು ತಿಂಗಳ ನಂತರ ಅದು ಬಂದೇ ಬರುತ್ತದೆ: ಬಲ್ಜ್ ಒಳಗೆ ಹೋಗಿದೆಯೇ ಎಂದು ನೋಡಲು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಬೇಕೆ? ಡಿಸ್ಕ್ ವಿಷಯದಲ್ಲಿ ಕೇಳಲು ವಿಚಿತ್ರವೆನಿಸುವ ಸಂಗತಿಯೊಂದಿದೆ. ಹೊರಬಂದ ತುಣುಕು ದೊಡ್ಡದಾಗಿದ್ದಷ್ಟೂ ತಾನಾಗಿ ಕರಗುವ ಸಾಧ್ಯತೆ ಹೆಚ್ಚು. ಹಲವು ಅಧ್ಯಯನಗಳನ್ನು ಕಲೆಹಾಕಿದ 2015ರ ಪರಿಶೀಲನೆಯ ಪ್ರಕಾರ, ಡಿಸ್ಕ್‌ನಿಂದ ಪೂರ್ತಿ ಕಳಚಿಕೊಂಡ ತುಣುಕುಗಳಲ್ಲಿ ಶೇ 96 ತಾವಾಗಿ ಕುಗ್ಗಿದ್ದವು. ಪ್ರೊಟ್ರೂಷನ್‌ಗಳಲ್ಲಿ ಶೇ 41, ಬರಿಯ ಬಲ್ಜ್‌ಗಳಲ್ಲಿ ಶೇ 13 ಮಾತ್ರ. ಡಿಸ್ಕ್‌ನ ತಿರುಳನ್ನು ಸುತ್ತಿರುವ ಹೊರ ಕವಚ ಹರಿದು ಹೊರಬಂದ ತಿರುಳನ್ನು ದೇಹದ ರಕ್ಷಣಾ ಕೋಶಗಳು ಹೊರಗಿನ ವಸ್ತುವೆಂದು ಬಗೆದು ಅರಗಿಸಿಕೊಳ್ಳುತ್ತವೆ. ಕವಚದೊಳಗೇ ಉಳಿದ ಬಲ್ಜ್ ಅವುಗಳ ಕೈಗೆ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಬಲ್ಜ್ ಮುಂದಿನ ಚಿತ್ರದಲ್ಲಿಯೂ ಬಹುಮಟ್ಟಿಗೆ ಅಲ್ಲೇ ಇರುತ್ತದೆ, ನೋವು ಹೋದ ಮೇಲೂ ಇರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸಯಾಟಿಕಾ (ನರ ಒತ್ತಿಹೋಗಿ ಕಾಲಿಗೆ ಇಳಿಯುವ ನೋವು) ಇದ್ದ 283 ಜನರಿಗೆ ಒಂದು ವರ್ಷದ ನಂತರ ಮರಳಿ ಎಂಆರ್‌ಐ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗುಣವಾದವರಲ್ಲಿ ಶೇ 35 ಮಂದಿಗೆ, ಗುಣವಾಗದವರಲ್ಲಿ ಶೇ 33 ಮಂದಿಗೆ ಹರ್ನಿಯೇಷನ್ ಇನ್ನೂ ಕಾಣುತ್ತಿತ್ತು. ಯಾರು ಗುಣವಾಗಿದ್ದಾರೆ, ಯಾರಿಲ್ಲ ಎಂದು ಚಿತ್ರ ನೋಡಿ ಹೇಳಲು ಸಾಧ್ಯವಾಗಲಿಲ್ಲ.

ಹೊಸದಾಗಿ ಕಾಲಿನ ಬಲ ಕುಂದಿದರೆ, ಮೇಲೆ ಹೇಳಿದ ಅಪಾಯದ ಲಕ್ಷಣ ಕಂಡರೆ, ಅಥವಾ ಆಪರೇಷನ್ ನಿರ್ಧಾರವಾಗಿ ಹಳೆಯ ಚಿತ್ರಕ್ಕೆ ಬಹಳ ಕಾಲವಾಗಿದ್ದರೆ ಮರು ಸ್ಕ್ಯಾನ್ ಸರಿ. ಹಾಗೆ ಮಾಡಿಸುವಾಗ ಹಳೆಯ ವರದಿಯ ಕಾಗದವನ್ನಷ್ಟೇ ಒಯ್ಯದೆ ಫಿಲ್ಮ್ ಅಥವಾ ಸಿ.ಡಿ.ಯನ್ನೂ ಕೊಂಡೊಯ್ಯಿರಿ. ಇಬ್ಬರು ಬರೆದ ಪದಗಳನ್ನು ಹೋಲಿಸಿ ‘ಬಲ್ಜ್ ದೊಡ್ಡದಾಗಿದೆ’ ಎನ್ನಲು ಬರುವುದಿಲ್ಲ. ಎರಡು ಚಿತ್ರಗಳನ್ನು ಒಬ್ಬರೇ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.