ಮರಿ ಮಾರಿದರೆ ಕಾಳಿನ ಖರ್ಚು ಹುಟ್ಟುತ್ತದೆಯೇ?

ಪ್ರಶ್ನೆ: ಮನೆಯಲ್ಲಿ ಒಂದು ಜೋಡಿ ಲವ್ ಬರ್ಡ್ಸ್ ಸಾಕಬೇಕೆಂದಿದ್ದೇವೆ. ಖರ್ಚು ಎಷ್ಟು? ತಿಂಗಳಿಗೆ ಐದಾರು ಮರಿ ಹಾಕುತ್ತವೆಯಂತೆ, ಮಾರಿದರೆ ಖರ್ಚು ಕಳೆದು ಲಾಭವೇ ಉಳಿಯುತ್ತದೆಯಂತೆ. ಹೌದೇ?
– ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಶಾಲೆಗಳಿಗೆ ರಜೆ ಬಿಟ್ಟರೆ ಸಾಕು, ಈ ಪ್ರಶ್ನೆ ಹುಬ್ಬಳ್ಳಿಯಿಂದಲೂ ಬರುತ್ತದೆ, ಹಾವೇರಿಯಿಂದಲೂ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ.

ನಮ್ಮ ಕಡೆ ಲವ್ ಬರ್ಡ್ಸ್ ಎಂದು ಮಾರುವ ಉದ್ದ ಬಾಲದ, ಬೆನ್ನಿನ ಮೇಲೆ ಗೆರೆಗಳಿರುವ ಹಕ್ಕಿ ಆಸ್ಟ್ರೇಲಿಯಾ ಮೂಲದ ಬಜರಿಗರ್. ಸಾಕುವವರು ಬಜ್ಜಿ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಹಾಗೆಂದರೆ ಮಿರ್ಚಿ ನೆನಪಾಗುತ್ತದೆ, ಇರಲಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲದ್ದು.

ಕಾಳಿನ ಖರ್ಚು ದೊಡ್ಡದಲ್ಲ. ಒಂದು ಹಕ್ಕಿ ದಿನಕ್ಕೆ ಹೆಚ್ಚುಕಡಿಮೆ 10 ಗ್ರಾಂ ತಿನ್ನುತ್ತದೆ, ಜೋಡಿಗೆ ತಿಂಗಳಿಗೆ 600 ಗ್ರಾಂ. ನವಣೆ, ಸಾವೆ, ಬರಗು ಸಿಪ್ಪೆಯ ಸಮೇತ ಬೇಕು. ನವಣೆ ಅಕ್ಕಿ ತರಬೇಡಿ, ಸುಲಿಯುವ ಕೆಲಸ ಅವುಗಳದೇ. ಬಿತ್ತನೆ ಬೀಜದ ಅಂಗಡಿಯಿಂದಂತೂ ಬೇಡವೇ ಬೇಡ, ಅದಕ್ಕೆ ಔಷಧ ಲೇಪಿಸಿರುತ್ತಾರೆ. ಬಟ್ಟಲಿನ ಮೇಲಿನ ಹೊಟ್ಟನ್ನು ದಿನವೂ ಊದಿ ತೆಗೆಯಬೇಕು. ಬಟ್ಟಲು ತುಂಬಿದೆಯೆಂದು ಬಿಟ್ಟು ಊರಿಗೆ ಹೋಗಿ, ಬರೀ ಹೊಟ್ಟಿನ ಮುಂದೆ ಹಕ್ಕಿಯನ್ನು ಉಪವಾಸ ಕೆಡವಿದವರನ್ನು ನಾನು ಬಲ್ಲೆ.

ಈಗ ಆ ‘ತಿಂಗಳಿಗೆ ಐದಾರು ಮರಿ’. ಇದನ್ನು ಯಾರು ಹುಟ್ಟುಹಾಕಿದರೋ, ಅವರ ಕೈಗೆ ಒಂದು ಕ್ಯಾಲೆಂಡರ್ ಕೊಡಬೇಕು. ಹೆಣ್ಣು ಸಾಮಾನ್ಯವಾಗಿ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತದೆ. ಐದು ಮೊಟ್ಟೆಗೆ ಒಂಬತ್ತು ದಿನ. ಪ್ರತಿ ಮೊಟ್ಟೆಗೆ 18 ದಿನದ ಕಾವು. ಎಂದರೆ ಕೊನೆಯ ಮರಿ ಒಡೆದು ಬರುವುದು ಸುಮಾರು 27ನೆಯ ದಿನ. ಅದು ಗೂಡಿಗೆಂದು ಪಂಜರದಲ್ಲಿ ಕಟ್ಟಿದ ಮಡಿಕೆಯಿಂದ ಹೊರಬೀಳಲು ಇನ್ನೂ ನಾಲ್ಕೈದು ವಾರ. ಒಂದು ಸಲಕ್ಕೇ ಎರಡು ತಿಂಗಳು ಮುಗಿಯಿತು! ತಾಯಿ ಮೊದಲ ಮೊಟ್ಟೆಗಳಿಂದಲೇ ಕಾವು ಕೂರುವುದರಿಂದ ಹಿರಿಯ ಮರಿಗೂ ಕಿರಿಯದಕ್ಕೂ ವಾರಕ್ಕೂ ಹೆಚ್ಚು ಅಂತರ; ಕಿರಿಯದು ಎಷ್ಟೋ ಸಲ ಅಣ್ಣಂದಿರ ಕಾಲಡಿ ಸಿಕ್ಕಿ ಸಾಯುತ್ತದೆ. ಒಂದೆರಡು ಮೊಟ್ಟೆ ಬರಡಾಗುವುದೂ ಮಾಮೂಲು.

ಹಾಗಾದರೆ ವರ್ಷಕ್ಕೆ ಆರು ಸಲ ಆಯಿತಲ್ಲ ಎನ್ನುತ್ತೀರಿ. ಆಗುವುದಿಲ್ಲ, ಆಗಗೊಡಲೂಬಾರದು. ಚಿಪ್ಪಿಗೆ ಬೇಕಾದ ಸುಣ್ಣದಂಶ ಕಾಳಿನಲ್ಲಿ ಸಾಲದು. ಅದಕ್ಕೇ ಪಂಜರದಲ್ಲಿ ಕಟಲ್ ಬೋನ್ ಎಂಬ ಬಿಳಿ ತುಂಡು ಸಿಕ್ಕಿಸುವುದು. ಬಿಡುವಿಲ್ಲದೆ ಮೊಟ್ಟೆ ಇಟ್ಟ ಹೆಣ್ಣು ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಕೊನೆಗೊಂದು ದಿನ ಮೊಟ್ಟೆ ಒಳಗೇ ಸಿಕ್ಕಿಕೊಂಡು, ರೆಕ್ಕೆ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂರುತ್ತದೆ. ಆಗ ಹಕ್ಕಿಯ ವೈದ್ಯರನ್ನು ಹುಡುಕಿ ನೋಡಿ. ದನ, ನಾಯಿ ನೋಡುವವರು ಸಿಗುತ್ತಾರೆ, ಮೂವತ್ತು ಚಿಲ್ಲರೆ ಗ್ರಾಂ ತೂಕದ ಜೀವವನ್ನು ಕೈಯಲ್ಲಿ ಹಿಡಿದು ರೂಢಿಯಿರುವವರು ವಿರಳ. ವರ್ಷಕ್ಕೆ ಎರಡು ಸಲ ಸಾಕು, ನಂತರ ಮಡಿಕೆ ಬಿಚ್ಚಿಡಿ. ಬೇಸಿಗೆಯಲ್ಲಿ ಗದಗಿನಂಥ ಊರಿನಲ್ಲಿ ತಗಡಿನ ಸೂರಿನ ಕೆಳಗೆ ಕಟ್ಟಲೇಬೇಡಿ.

ಎರಡು ಸಲಕ್ಕೆ ಆರೇಳು ಮರಿ ಉಳಿದರೆ ನೀವು ಪುಣ್ಯವಂತರು. ಎರಡನ್ನು ಬೀಗರು ಕೇಳುತ್ತಾರೆ. ಬೀಗರಿಗೆ ಬಿಲ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಉಳಿದವನ್ನು ಅಂಗಡಿಯವರು ತಾವು ಮಾರುವ ಬೆಲೆಗೆ ಕೊಳ್ಳುತ್ತಾರೆಯೇ? ಬಂದ ಹಣ ಕಾಳಿಗೆ ಸರಿಹೋದೀತು. ಪಂಜರದ ಹಣ ಹೋಯಿತೆಂದೇ ತಿಳಿಯಿರಿ. ಇಷ್ಟಕ್ಕೂ ನೀವು ತಂದದ್ದು ಜೋಡಿಯೇ ಆಗಿರಬೇಕಲ್ಲ: ಬೆಳೆದ ಗಂಡಿಗೆ ಮೂಗಿನ ಬುಡ ನೀಲಿ, ಹೆಣ್ಣಿಗೆ ಕಂದು. ಎಳೆಯ ಹಕ್ಕಿಗಳಲ್ಲಿ ಇದು ತಿಳಿಯುವುದೇ ಕಷ್ಟ. ಎರಡು ಗಂಡುಗಳ ಮುಂದೆ ವರ್ಷವಿಡೀ ಮೊಟ್ಟೆಗೆ ಕಾದ ಮನೆಗಳಿವೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಪತ್ರ ಇದೇ: “ಇಷ್ಟೆಲ್ಲ ಏಕೆ, ನಮ್ಮ ಗಿಳಿಯನ್ನೇ ಸಾಕಬಹುದಲ್ಲ?” ಸಾಕುವಂತಿಲ್ಲ. ನಮ್ಮ ಮರಗಳ ಪೊಟರೆಯ ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅಜ್ಜಿಯ ಮನೆಯಲ್ಲಿ ಇತ್ತು, ದುಡ್ಡು ಕೊಟ್ಟು ತಂದೆ ಎಂಬ ಮಾತುಗಳು ಅಲ್ಲಿ ನಡೆಯುವುದಿಲ್ಲ. ಗಾಳಿಗೆ ಬಿದ್ದ ಗಿಳಿಮರಿ ಸಿಕ್ಕಿತೇ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.