ಒಂದು ಲೀಟರ್ ಡೀಸೆಲ್, ಎರಡೂವರೆ ಕೆ.ಜಿ. ಅನಿಲ

ಪಳೆಯುಳಿಕೆ ಇಂಧನದ ಪಾಠವನ್ನು ನಾವೆಲ್ಲ ‘ಹೊಗೆ ಕೆಟ್ಟದ್ದು’ ಎಂದು ಓದಿ ಮುಗಿಸಿಬಿಡುತ್ತೇವೆ. ಲೆಕ್ಕ ಹಾಕಿ ನೋಡದೆ ಈ ಪಾಠ ತಲೆಗೆ ಹತ್ತುವುದಿಲ್ಲ.

ಒಂದು ಲೀಟರ್ ಡೀಸೆಲ್‌ನ ತೂಕ ಸುಮಾರು 830 ಗ್ರಾಂ. ಅದರಲ್ಲಿ ಇಂಗಾಲವೇ ಹೆಚ್ಚುಕಡಿಮೆ 710 ಗ್ರಾಂ. ಉಳಿದದ್ದು ಬಹುಪಾಲು ಜಲಜನಕ. ಉರಿಯುವಾಗ 12 ಗ್ರಾಂ ಇಂಗಾಲವು ಗಾಳಿಯಿಂದ 32 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. 710ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿ. ಸುಮಾರು 2.6 ಕೆ.ಜಿ.! ಹಾಕಿದ್ದು ಒಂದು ಕೆ.ಜಿ.ಯೂ ಇಲ್ಲ, ಬಂದದ್ದು ಇಷ್ಟು. ಹೆಚ್ಚುವರಿ ತೂಕವೆಲ್ಲ ಗಾಳಿಯ ಆಮ್ಲಜನಕದ್ದು. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಸುಮಾರು 170 ಕಿ.ಮೀ. ಲಾರಿ ಲೀಟರಿಗೆ 4 ಕಿ.ಮೀ. ಓಡುತ್ತದೆ ಎಂದಿಟ್ಟುಕೊಂಡರೆ ಒಂದು ಕಡೆಯ ಪ್ರಯಾಣಕ್ಕೇ 110 ಕೆ.ಜಿ. ಆಯಿತು.

ಇಲ್ಲಿ ನಮ್ಮ ಮಲೆನಾಡಿನವರು ಯಾರಾದರೂ ಕೇಳಿಯೇ ಕೇಳುತ್ತಾರೆ: ಬಚ್ಚಲೊಲೆಗೆ ಸಿಲ್ವರ್ ಓಕ್ ಸೌದೆ ಹಾಕಿದರೂ ಬರುವುದು ಅದೇ ಅನಿಲ ತಾನೆ? ಹೌದು, ಅದೇ. ಆದರೆ ಆ ಮರದ ಇಂಗಾಲ ಕೆಲವು ದಶಕಗಳ ಹಿಂದಷ್ಟೇ ಗಾಳಿಯಲ್ಲಿತ್ತು. ಕಡಿದ ಜಾಗದಲ್ಲಿ ಇನ್ನೊಂದು ಗಿಡ ಬೆಳೆದರೆ ಮತ್ತೆ ಅಷ್ಟನ್ನು ಎಳೆದುಕೊಳ್ಳುತ್ತದೆ. ಭಾರತದ ಕಲ್ಲಿದ್ದಲು ಬಹುಪಾಲು 25 ಕೋಟಿ ವರ್ಷಕ್ಕೂ ಹಳೆಯದು. ಈಗಿನ ಗಾಳಿಯ ಲೆಕ್ಕದಲ್ಲೇ ಇರದಿದ್ದ ಇಂಗಾಲವನ್ನು ನಾವು ಅಗೆದು ಸೇರಿಸುತ್ತಿದ್ದೇವೆ.

ಇದಕ್ಕೆ ಪುರಾವೆ ಏನು? ಇಡೀ ಪಾಠದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದೇ. ಇಂಗಾಲದ ವಿಕಿರಣಶೀಲ ರೂಪವಾದ ಇಂಗಾಲ-14, ಜೀವಿ ಸತ್ತ ಮೇಲೆ ಅದರ ದೇಹದಲ್ಲಿ ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ಕಲ್ಲಿದ್ದಲು, ಪೆಟ್ರೋಲಿಯಂಗಳಲ್ಲಿ ಅದು ಎಂದೋ ಮುಗಿದುಹೋಗಿದೆ. ಇವನ್ನು ಉರಿಸಿದಷ್ಟೂ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗುತ್ತದೆ. 1950ರ ದಶಕದಲ್ಲಿ ವಿಜ್ಞಾನಿ ಹಾನ್ಸ್ ಸೂಸ್ ಮರದ ಉಂಗುರಗಳಲ್ಲಿ ಈ ಇಳಿಕೆಯನ್ನು ಗುರುತಿಸಿದರು. 1958ರಿಂದ ಇನ್ನೊಬ್ಬ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯತೊಡಗಿದಾಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಇತ್ತು. ಈಗ 420 ದಾಟಿದೆ. ಕೈಗಾರಿಕಾ ಕ್ರಾಂತಿಗೆ ಮೊದಲು ಇದ್ದದ್ದು 280ರ ಆಸುಪಾಸು.

‘ಮಳೆ ಬಂದು ಗಾಳಿ ತೊಳೆಯಿತು’ ಎನ್ನುತ್ತೇವಲ್ಲ, ಅದು ಅರ್ಧ ಸತ್ಯ. ಮಸಿ, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್‌ಗಳು ದಿನಗಳಲ್ಲಿ, ಹೆಚ್ಚೆಂದರೆ ವಾರಗಳಲ್ಲಿ ಇಳಿದುಹೋಗುತ್ತವೆ. ಕೊನೆಯ ಎರಡು ಮಳೆನೀರಿಗೆ ಬೆರೆತು ಅದರ ಪಿಎಚ್ ಅನ್ನು ಸಹಜವಾದ 5.6ಕ್ಕಿಂತ ಕೆಳಗಿಳಿಸಿದರೆ ಅದೇ ಆಮ್ಲ ಮಳೆ. ಇಂಗಾಲದ ಡೈಆಕ್ಸೈಡ್ ಮಾತ್ರ ಸಕಲೇಶಪುರದ ಎಂಥ ಜಡಿಮಳೆಗೂ ಜಗ್ಗುವುದಿಲ್ಲ. ಇವತ್ತು ಬಿಟ್ಟದ್ದರಲ್ಲಿ ಒಂದು ದೊಡ್ಡ ಪಾಲು ಶತಮಾನಗಳ ನಂತರವೂ ಮೇಲೆಯೇ ಇರುತ್ತದೆ.

ಹೀಗೆ ಮೇಲೆ ಉಳಿದ ಈ ಅನಿಲ ಭೂಮಿಯ ಬಿಸಿಯನ್ನು ಹಿಡಿದಿಡುತ್ತದೆ; ತಾಪಮಾನ ಏರುತ್ತದೆ, ಮಳೆಯ ಲಯ ಕೆಡುತ್ತದೆ. ಪರೀಕ್ಷೆಯಲ್ಲಿ ಇದರ ಪರಿಣಾಮ ಬರೆಯಿರಿ ಎಂದರೆ ಹಿಮಕರಡಿಯನ್ನೇ ಯಾಕೆ ಎಳೆದು ತರಬೇಕು? ಕಾಫಿ ತೋಟ ಸಾಕು. ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದರೆ ಮೊಗ್ಗು ಅರಳುತ್ತದೆ. ಕೆಲವು ವಾರಗಳಲ್ಲಿ ಬ್ಯಾಕಿಂಗ್ ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಈ ಲಯ ತಪ್ಪಿದರೆ ಫಸಲಿಗೆ ಪೆಟ್ಟು. ಅರೇಬಿಕಾಕ್ಕೆ ತಂಪು ಬೇಕು; ಬಿಸಿಲು ಜೋರಾದ ತೋಟದಲ್ಲಿ ಬಿಳಿ ಕಾಂಡಕೊರಕ ಹುಳುವಿನ ಕಾಟವೂ ಜೋರು. ಹೂಮಳೆ ಕೈಕೊಟ್ಟಾಗ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲು ಕೆರೆಯ ಪಕ್ಕ ಡೀಸೆಲ್ ಪಂಪ್ ಇಳಿಸುತ್ತಾರೆ, ಮತ್ತೆ ಲೀಟರಿಗೆ 2.6 ಕೆ.ಜಿ. ಇನ್ನು ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಒಮ್ಮೆಲೇ ಸುರಿಯುವ ಮಳೆಗೆ ಇದು ಒಂದು ಕಾರಣ. ಹಾಗೆಂದು ಘಾಟಿಯ ಪ್ರತಿ ಗುಡ್ಡಕುಸಿತವನ್ನೂ ಇದರ ತಲೆಗೆ ಕಟ್ಟಬೇಡಿ. ರಸ್ತೆಗಾಗಿ ಗುಡ್ಡವನ್ನು ನೆಟ್ಟಗೆ ಕಡಿದದ್ದನ್ನೂ ಬರೆಯಬೇಕಾಗುತ್ತದೆ.

ಉತ್ತರದಲ್ಲಿ ಓಝೋನ್ ರಂಧ್ರವನ್ನು ಮಾತ್ರ ತುರುಕಬೇಡಿ. ಅದು ಮುಖ್ಯವಾಗಿ ಹಳೆಯ ಫ್ರಿಜ್, ಸ್ಪ್ರೇ ಡಬ್ಬಿಗಳ ಕ್ಲೋರೋಫ್ಲೋರೋಕಾರ್ಬನ್‌ಗಳ ಕೆಲಸ. ಅದಕ್ಕೆ 1987ರ ಮಾಂಟ್ರಿಯಲ್ ಒಪ್ಪಂದವಿದೆ, ಪಾಠವೂ ಬೇರೆ.